ಸುರಗಿ ನೀರಿಗಿಳಿದ ದಿನಗಳು

2024 ಡಿಸೆಂಬರ್ 4, ಬುಧವಾರ

ಮಳೆ ಬಿಟ್ಟಿತು. ಪುದುಚೇರಿಯ ಹತ್ತಿರ ದಡ ಸೇರಿದ ಫೆಂಗಲ್ ಚಂಡಮಾರುತ ಅಲ್ಲೇ ಮುಗಿಯಿತೆಂದು ತಿಳಿದಿದ್ದೆವು. ಅದರ ಉಳಿಕೆ ಘಟ್ಟ ದಾಟಿ ಬಂದು ನಮ್ಮ ಮೇಲೂ ಸುರಿದು ಕಡಲಿಗೆ ಹೋಯಿತು. ನಿನ್ನೆ ಜಿಲ್ಲೆಯ ಶಾಲೆಗಳಿಗೆ ರಜೆ. ರಾತ್ರಿಯಿಡೀ ನನಗೆ, ಬೆಂಗರೆಯಲ್ಲಿ ನಾವು ದುರಸ್ತಿ ಮಾಡಿಸುತ್ತಿರುವ ಹಳೆ ದೋಣಿಯದೇ ಯೋಚನೆ.

ಬೆಳಿಗ್ಗೆ ಮೊದಲ ಫೆರಿಗೇ ಹೋದೆ. ಟರ್ಪಾಲಿನ ಒಂದು ಮೂಲೆ ಹರಿದು ಜೋತಾಡುತ್ತಿತ್ತು, ದೋಣಿಯೊಳಗೆ ಪಾದ ಮುಳುಗುವಷ್ಟು ನೀರು. ದೋಣಿಯ ಬಡಗಿ ಆಚಾರ್ರು ನನಗಿಂತ ಮೊದಲೇ ಬಂದು ಬಕೆಟಿನಲ್ಲಿ ಮೊಗೆದು ಚೆಲ್ಲುತ್ತಿದ್ದರು. ಸಿಹಿನೀರು ನಿಂತರೆ ಮರ ಕೊಳೆಯುತ್ತದೆ, ಉಪ್ಪುನೀರು ಮರವನ್ನು ಕಾಯುತ್ತದೆ. ಅದಕ್ಕೇ ಅವರಿಗೆ ಆ ಅವಸರ. ಆದರೆ ಮುಖದಲ್ಲಿ ಬೇಸರ ಇರಲಿಲ್ಲ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಟೀಚರೇ. ಒಳಗಿನ ನೀರು ಹೊರಗೆ ಎಲ್ಲೆಲ್ಲಿ ಜಿನುಗ್ತದೆ ಅಂತ ಈಗ ಕಾಣ್ತದೆ. ಸೀಮೆಸುಣ್ಣ ತೆಕೊಳ್ಳಿ, ಗುರುತು ಹಾಕುವ" ಎಂದರು. ಇಬ್ಬರೂ ದೋಣಿಯ ಅಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಹಲಗೆ ಹಲಗೆಯ ಸಂದು ಬೆರಳಾಡಿಸಿ ನೋಡಿ, ಒದ್ದೆ ಕಂಡಲ್ಲೆಲ್ಲ ಬಿಳಿ ಗೀಟು ಎಳೆದೆವು. ಎಡಮಗ್ಗುಲಲ್ಲಿ ಹೆಚ್ಚು, ಬಲಮಗ್ಗುಲಲ್ಲಿ ಕಡಿಮೆ. ಎಡಮಗ್ಗುಲು ಪಡುವಣ ಬಿಸಿಲಿಗೆ ಮುಖಮಾಡಿ ನಿಂತಿದೆ, ಒಣಗಿ ಬಿರುಕು ಬಿಟ್ಟಿದೆ.

ಮೂವತ್ತನಾಲ್ಕು ಅಡಿಯ ಈ ಮಚ್ವೆ ಗುರುಪುರ ನದಿಯಲ್ಲಿ ಹೆಂಚು ಹೊತ್ತು ಬದುಕಿದ್ದು. ಹೊಳೆಯ ದಂಡೆಯ ಕಾರ್ಖಾನೆಗಳಿಂದ ಹೆಂಚು ತುಂಬಿ ಬಂದರಿನ ಮಂಜಿ ಎಂಬ ದೊಡ್ಡ ಹಾಯಿಹಡಗುಗಳಿಗೆ ಒಯ್ದು ಏರಿಸುವುದು, ಬರುವಾಗ ಉಪ್ಪೋ ಅಕ್ಕಿಯೋ ತರುವುದು. ಲಾರಿಗಳು ಬಂದವು, ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಮಚ್ವೆ ಕೆಸರಿಗೆ ಬಿತ್ತು. ನಮ್ಮ ತಂಡದ ಡಾಕ್ಟ್ರ ಪರಿಚಯದ ಮನೆಯವರು ಸೌದೆಗೆ ಒಡೆಸುವವರಿದ್ದರು. ನಾವು ಕೇಳಿದಾಗ ದುಡ್ಡಿನ ಮಾತೇ ಎತ್ತದೆ ಕೊಟ್ಟುಬಿಟ್ಟರು. ಅಡಿಯ ಪಕ್ಕೆಮರಗಳ ನಡುವಿನ ಕೆಸರು ತೆಗೆಯುವಾಗ ಕೈಗೆ ಸಿಕ್ಕಿದ್ದೆಲ್ಲ ಕೆಂಪು ಹೆಂಚಿನ ಚೂರು. ಒಂದನ್ನು ತೊಳೆದು ನನ್ನ ಮೇಜಿನ ಮೇಲಿಟ್ಟಿದ್ದೇನೆ.

ಡಿಸೆಂಬರ್ 7, ಶನಿವಾರ

ಇವತ್ತು ಇಡೀ ದಿನ ಸಂದು ತುಂಬುವ ಕೆಲಸ. ನನಗೆ ಈ ಕೆಲಸ ಎಷ್ಟು ನೋಡಿದರೂ ಸಾಲದು.

ಆಚಾರ್ರು ಹತ್ತಿಯನ್ನು ತೊಡೆಯ ಮೇಲೆ ಅಂಗೈಯಿಂದ ಹೊಸೆದು ಉದ್ದನೆಯ ಬತ್ತಿ ಮಾಡುತ್ತಾರೆ. ಅದನ್ನು ಎಣ್ಣೆಯಲ್ಲಿ ಅದ್ದಿ, ಎರಡು ಹಲಗೆಗಳ ನಡುವಿನ ಸಂದಿಗೆ ಇಟ್ಟು, ಮೊಂಡು ಉಳಿಯಿಂದ ಒತ್ತಿ, ಕೊಡತಿಯಲ್ಲಿ ಬಡಿಯುತ್ತಾರೆ. ಮೊದಲ ಪೆಟ್ಟುಗಳಿಗೆ ಪೊಳ್ಳು ಸದ್ದು. ಹತ್ತಿ ಕೂತಂತೆ ಸದ್ದು ಬಿಗಿಯಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಕೊಡತಿ ತಾನಾಗಿ ಪುಟಿಯುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು. ಇನ್ನೊಂದೇ ಪೆಟ್ಟು ಹೆಚ್ಚು ಹೊಡೆದರೆ ಹಲಗೆಯ ಅಂಚು ಕೆಡುತ್ತದೆ, ನೀರಿಗಿಳಿದ ಮೇಲೆ ಮರ ಊದುವಾಗ ಮೊಳೆಯನ್ನೇ ಕಿತ್ತುಕೊಳ್ಳುತ್ತದೆ. ಆಚಾರ್ರ ಕಿವಿ ಈಗ ಮಂದ, ನಾವು ಕರೆದರೆ ಮೂರನೆಯ ಸಲಕ್ಕೆ ತಿರುಗುತ್ತಾರೆ. ಈ ಸದ್ದಿನ ವ್ಯತ್ಯಾಸವನ್ನು ಮಾತ್ರ ಒಮ್ಮೆಯೂ ತಪ್ಪುವುದಿಲ್ಲ. ಕೈಯಲ್ಲಿ ಕೇಳುತ್ತಾರೋ ಏನೋ.

ಮರದ ಲೆಕ್ಕವನ್ನು ನನಗಾಗಿ ಬರೆದಿಟ್ಟುಕೊಳ್ಳಬೇಕು. ಅಡಿಯ ಕೀಲ್ ಮರ ಕಿರಾಲುಬೋಗಿ, ಹಳೆಯದೇ. ಕೊಡಲಿಗೂ ಜಗ್ಗದಷ್ಟು ಗಟ್ಟಿ ಉಳಿದಿತ್ತು. ಮಗ್ಗುಲ ಹಲಗೆಗಳು ಹೆಬ್ಬಲಸು. ಅವುಗಳಲ್ಲಿ ನೀರುಮಟ್ಟದ ಕೆಳಗಿನ ಮುಕ್ಕಾಲು ಪಾಲು ಹೊಸತು ಹಾಕಬೇಕಾಯಿತು, ಹುಳು ತಿಂದಿತ್ತು. ಹುಳು ಎನ್ನುತ್ತೇವೆ, ನಿಜಕ್ಕೂ ಅದು ಮಳಿಯ ಬಳಗಕ್ಕೆ ಸೇರಿದ ಚಿಪ್ಪಿನ ಪ್ರಾಣಿ. ಮುಂಭಾಗದ ಎರಡು ಪುಟ್ಟ ಚಿಪ್ಪುಗಳಿಂದ ಮರ ಕೆರೆಯುತ್ತಾ ಒಳಗೊಳಗೇ ಸುರಂಗ ತೋಡುತ್ತದೆ, ಹೊರಗೆ ಸೂಜಿಮೊನೆಯಷ್ಟೇ ತೂತು. ಕಿತ್ತ ಹಲಗೆಯೊಂದನ್ನು ಆಚಾರ್ರು ಮೊಣಕಾಲಿಗೆ ಕೊಟ್ಟು ಮುರಿದು ತೋರಿಸಿದರು: ಒಳಗೆ ಬೆರಳು ಹೋಗುವಷ್ಟು ಅಗಲದ ಕೊಳವೆಗಳು, ಒಂದಕ್ಕೊಂದು ತಾಗದಂತೆ, ಗೋಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಕಾಲೇಜಿನಲ್ಲಿ ಇಷ್ಟು ವರ್ಷ ಸಸ್ಯಶಾಸ್ತ್ರ ಹೇಳಿಕೊಟ್ಟವಳು ಇಂಥ ಹಲಗೆಯನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

ಹುಳುವಿಗೆ ಮದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಅದಕ್ಕೇ ಹುಳುವೂ ಹತ್ತಿರ ಬರುವುದಿಲ್ಲ. ಅದರ ಮೇಲೆ ಬೂತಾಯಿ ಎಣ್ಣೆ. ಮನೆಗೆ ಬಂದು ಎರಡು ಸಲ ಸೋಪು ಹಾಕಿ ಮಿಂದರೂ ಮೀನಿನ ವಾಸನೆ ಹೋಗಿಲ್ಲ. ಹೋಗದಿದ್ದರೂ ಅಡ್ಡಿಯಿಲ್ಲ.

ಡಿಸೆಂಬರ್ 10, ಮಂಗಳವಾರ

ದೋಣಿಯ ಹೆಸರು ಗೊತ್ತುಮಾಡಿದೆವು. ತಂಡದ ಚೀಫ್ ದೇವಿಯ ಹೆಸರು ಬೇಕೆಂದರು, ಮೇಷ್ಟ್ರು ನಕ್ಷತ್ರದ್ದು ಹೇಳಿದರು. ಕೊನೆಗೆ ನನ್ನ ಮಾತು ನಿಂತಿತು: ಸುರಗಿ.

ನನ್ನ ಕಾರಣ ಕೂವೆಮರದ್ದು. ಬಂದರಿನ ಹಳೆ ಗೋದಾಮಿನಲ್ಲಿ, ಒಡೆದುಹಾಕಿದ ಯಾವುದೋ ಮಂಜಿಯ ಕೂವೆ ಮಾಡಿಗೆ ಕಟ್ಟಿ ಇಟ್ಟದ್ದು ನಮಗೆ ಸಿಕ್ಕಿತ್ತು. ಒಂದು ಕಡೆ ಉಜ್ಜಿ ನೋಡಿದೆ: ಇಂಗ್ಲಿಷರು ಪೂನ್ ಸ್ಪಾರ್ ಎಂದು ಕರೆದು, ಕೊಡಗು ಕನ್ನಡ ಜಿಲ್ಲೆಗಳ ಘಟ್ಟದ ಕಾಡುಗಳಲ್ಲಿ ಹುಡುಕಿಸಿ ಹಡಗಿನ ಕೂವೆಗೆಂದು ಕಡಿಸುತ್ತಿದ್ದ ಮರ. ಸೂರ್ಯನ ಬೆಳಕಿಗಾಗಿ ದಟ್ಟ ಕಾಡಿನ ನಡುವೆ ರೆಂಬೆಯಿಲ್ಲದೆ ನೇರ ಮೇಲೇರುವ ಜಾತಿ. ಸುರಹೊನ್ನೆ, ನಾಗಸಂಪಿಗೆ, ಸುರಗಿ, ಎಲ್ಲವೂ ಅದೇ ಕುಟುಂಬದವು. ಸುರಗಿಯ ಹೂವು ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳುವುದಿಲ್ಲ. ನಮ್ಮಮ್ಮ ಸೀರೆಗಳ ನಡುವೆ ಇಡುತ್ತಿದ್ದಳು. ಹೇಳಿದ ಮೇಲೆ ಯಾರೂ ಬೇರೆ ಹೆಸರು ಎತ್ತಲಿಲ್ಲ.

ಮಧ್ಯಾಹ್ನ ಹಾಯಿಗೆ ಚೊಗರು ಕೊಟ್ಟೆವು. ಹತ್ತಿ ಬಲೆಗಳಿದ್ದ ಕಾಲದಲ್ಲಿ ಇಲ್ಲಿ ಮನೆಮನೆಯಲ್ಲೂ ತೊಗಟೆ ಬೇಯಿಸಿದ ಚೊಗರಿನಲ್ಲಿ ಬಲೆ ಅದ್ದುತ್ತಿದ್ದರು, ನೈಲಾನು ಬಂದ ಮೇಲೆ ನಿಂತುಹೋಯಿತು. ಬೆಂಗರೆಯ ಇಬ್ಬರು ಅಜ್ಜಿಯಂದಿರು ನೆನಪಿನಿಂದ ಹೇಳಿಕೊಟ್ಟರು: ಮತ್ತಿಯ ಚಕ್ಕೆ, ಇಡೀ ದಿನ ಕುದಿ, ಆರುವ ಮೊದಲೇ ಬಟ್ಟೆ ಮುಳುಗಿಸಬೇಕು. ಬಿಳಿಯ ಕ್ಯಾನ್ವಾಸು ಒಣಗಿದಾಗ ಇಟ್ಟಿಗೆ ಬಣ್ಣ. ಮರಳಿನ ಮೇಲೆ ಹಾಸಿದ್ದ ಹಾಯಿಯ ಸುತ್ತ ಮಕ್ಕಳು ಕೂಗುತ್ತಾ ಓಡಿದರು. ಅಷ್ಟು ದೊಡ್ಡದೆಂದು ನನಗೂ ಅಂದಾಜಿರಲಿಲ್ಲ.

ಡಿಸೆಂಬರ್ 12, ಗುರುವಾರ

ಎಂಜಿನ್ ವಿಷಯಕ್ಕೆ ಮತ್ತೆ ಮಾತು. ಚೀಫ್ ಮೂವತ್ತು ವರ್ಷಕ್ಕೂ ಮಿಕ್ಕಿ ಎಣ್ಣೆ ಹಡಗುಗಳ ಎಂಜಿನ್ ರೂಮಿನಲ್ಲಿದ್ದವರು. ಒಳ್ಳೆಯ ಡೀಸೆಲ್ ಎಂಜಿನ್ನನ್ನೇ ಕೂರಿಸೋಣ ಎಂದರು, ಖರ್ಚು ತಾನೇ ಹಾಕುತ್ತೇನೆ ಎಂದರು. ಅವರ ಕಾಳಜಿ ಬರಿಯ ಹಟವಲ್ಲ. ನಮ್ಮ ಲಕ್ಷದ್ವೀಪದ ಯಾನದಲ್ಲಿ ಕವರತ್ತಿ ಬಿಟ್ಟು ಮಿನಿಕಾಯಿಗೆ ಹೋಗುವಾಗ ಒಂಬತ್ತು ಡಿಗ್ರಿ ಕಾಲುವೆ ದಾಟಬೇಕು. ಸೂಯೆಜ್ ಕಡೆಯಿಂದ ಸಿಂಗಾಪುರದ ಕಡೆಗೆ ಹೋಗುವ ಹಡಗುಗಳ ಹೆದ್ದಾರಿ ಅದು. ಮರದ ದೋಣಿ ರಾಡಾರಿಗೆ ಸರಿಯಾಗಿ ಕಾಣುವುದಿಲ್ಲ. ಗಾಳಿ ಬಿದ್ದು ಅಲ್ಲಿ ನಿಂತುಬಿಟ್ಟರೆ?

ಕೊನೆಗೆ ಒಪ್ಪಂದ: ನಾಡದೋಣಿಗಳಿಗೆ ಹಾಕುವ 9.9 ಎಚ್‌ಪಿಯ ಔಟ್‌ಬೋರ್ಡ್ ಒಂದು, ಅಳಿವೆ ದಾಟಲಿಕ್ಕೆ ಮತ್ತು ಆಪತ್ತಿಗೆ. ಕೂವೆಯ ತುದಿಗೆ ರಾಡಾರ್ ಪ್ರತಿಫಲಕ, ಜೊತೆಗೆ ನಾವಿರುವ ಜಾಗವನ್ನು ಸುತ್ತಲ ಹಡಗುಗಳಿಗೆ ತಿಳಿಸುವ ಎಐಎಸ್ ಪೆಟ್ಟಿಗೆ. ಉಳಿದದ್ದು ಹಾಯಿ.

ನಾನು ಹಾಯಿಯ ಪರ ಯಾಕೆ ಇಷ್ಟು ವಾದ ಮಾಡಿದೆ ಎಂದು ಡಾಕ್ಟ್ರು ಫೆರಿಯಲ್ಲಿ ಕೇಳಿದರು. ಎಂಜಿನ್ ಇದ್ದರೆ ಹೊರಡುವ ಗಂಟೆಯನ್ನು ನಾವೇ ಗೊತ್ತುಮಾಡುತ್ತೇವೆ. ಹಾಯಿಯಾದರೆ ಕೇಳಬೇಕು: ಭರತವನ್ನು, ಬೆಳಗಿನ ಜಾವದ ನೆಲಗಾಳಿಯನ್ನು, ತಿಥಿಯನ್ನು, ಈ ನೀರು ಬಲ್ಲ ಮುದುಕರನ್ನು. ಕೇಳುವ ಅಭ್ಯಾಸ ನಮ್ಮ ಊರಿಗೆ ಬಿಟ್ಟುಹೋಗಿದೆ. ಕಡಲ ಬದಿಯಲ್ಲಿ ಹುಟ್ಟಿ, ಕಡಲಿಗೆ ಬೆನ್ನು ಹಾಕಿ ಬೆಳೆದ ತಲೆಮಾರು ನನ್ನದು. ಅದನ್ನೇ ಹೇಳಿದೆ. ಡಾಕ್ಟ್ರು "ಹಾಗಾದ್ರೆ ಮಾತ್ರೆ ಪೆಟ್ಟಿಗೆ ಸ್ವಲ್ಪ ದೊಡ್ಡದೇ ಮಾಡ್ತೇನೆ" ಎಂದು ನನ್ನ ಕೈ ಹಿಡಿದುಕೊಂಡರು.

ಡಿಸೆಂಬರ್ 15, ಭಾನುವಾರ

ಕೈ ನೋಯುತ್ತಿದೆ, ಅಂಗೈಯಲ್ಲಿ ಹಗ್ಗದ ಉಜ್ಜು. ಆದರೂ ಇವತ್ತಿನದು ಇವತ್ತೇ ಬರೆಯಬೇಕು.

ದಿನ ಇಟ್ಟದ್ದು ಆಚಾರ್ರು. ಇವತ್ತು ರಾತ್ರಿ ಧನು ಸಂಕ್ರಮಣ, ಆಮೇಲೆ ಒಂದು ತಿಂಗಳು ಹೊಸ ಕೆಲಸ ಹಿಡಿಯುವಂತಿಲ್ಲ. ಹುಣ್ಣಿಮೆ, ದೊಡ್ಡ ಭರತ. ಪಂಚಾಂಗ ಮತ್ತು ಕಡಲು ಎರಡೂ ಒಂದೇ ದಿನವನ್ನು ತೋರಿಸಿದ್ದವು. ನೀರು ಪೂರ್ತಿ ಏರುವುದು ಹನ್ನೊಂದರ ಹೊತ್ತಿಗೆ, ಅಷ್ಟರೊಳಗೆ ದೋಣಿ ದಂಡೆಯ ಅಂಚಿನಲ್ಲಿರಬೇಕು.

ಎಂಟು ಗಂಟೆಗೆ ಹೋದರೆ ಅಲ್ಲಿ ಜಾತ್ರೆ. ನಾವು ಹೇಳಿದ್ದು ಹತ್ತಿಪ್ಪತ್ತು ಜನರಿಗೆ. ಬೆಂಗರೆಯ ಅರ್ಧ ಊರು ಬಂದಿತ್ತು. ರಾತ್ರಿ ಮೀನಿಗೆ ಹೋಗಿ ಬೆಳಿಗ್ಗೆ ಬಂದವರು ನಿದ್ದೆ ಬಿಟ್ಟು ನಿಂತಿದ್ದರು. ಚೊಗರು ಹೇಳಿಕೊಟ್ಟ ಅಜ್ಜಿಯಂದಿರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಚೀಫ್ ಜೊತೆ ಹಡಗಿನಲ್ಲಿದ್ದ ಒಬ್ಬರು ಕುಂದಾಪುರದಿಂದ ಬಸ್ಸಿನಲ್ಲಿ ಬಂದಿದ್ದರು. ಹಿಂದೆ ಮಂಜಿ ನಡೆಸುತ್ತಿದ್ದ ಬಂದರಿನ ತಂಡೇಲ ಕಾಕ ಬಿಳಿ ಅಂಗಿ, ಬಿಳಿ ಟೊಪ್ಪಿ ಹಾಕಿಕೊಂಡು ಮೊಮ್ಮಗನ ಕೈ ಹಿಡಿದು ಬಂದು, ಯಾರನ್ನೂ ಮಾತಾಡಿಸದೆ ಮೊದಲು ದೋಣಿಯ ಸುತ್ತ ಒಂದು ಪೂರ್ತಿ ಸುತ್ತು ಹಾಕಿದರು. ಚುಕ್ಕಾಣಿಯ ತಿರುಗಣೆಗೆ ಕೈ ಹಾಕಿ ಅಲ್ಲಾಡಿಸಿ ನೋಡಿದರು. ಆಮೇಲೆ ಆಚಾರ್ರ ಕಡೆ ತಿರುಗಿ ತಲೆಯಾಡಿಸಿದರು. ಆಚಾರ್ರು ಅಷ್ಟಕ್ಕೇ ಕಾಯುತ್ತಿದ್ದಿರಬೇಕು, ಹೆಗಲ ಮೇಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು.

ಮುಂಭಾಗಕ್ಕೆ ಅರಿಶಿನ ಕುಂಕುಮ, ಕೆಂಪು ದಾಸವಾಳದ ಮಾಲೆ, ಕಾಯಿ ಒಡೆದದ್ದು, ಅವಲಕ್ಕಿ ಪಂಚಕಜ್ಜಾಯ. ಕಾಕ ಸ್ವಲ್ಪ ಪಕ್ಕಕ್ಕೆ ನಿಂತು ಕೈಯೆತ್ತಿ ದುವಾ ಮಾಡಿದರು. ಎರಡಕ್ಕೂ ಜನ ಸುಮ್ಮನೆ ನಿಂತಿದ್ದರು.

ಆಮೇಲೆ ನಿಜವಾದ ಕೆಲಸ. ನೀರಿನವರೆಗೆ ತೆಂಗಿನ ಮರದ ದಿಮ್ಮಿಗಳನ್ನು ಅಡ್ಡ ಹಾಸಿ, ಗ್ರೀಸ್ ಬಳಿದು, ಮೇಲೆ ಬಾಳೆದಿಂಡಿನ ಪಟ್ಟೆ. ಮುಂದಿನಿಂದ ಎರಡು ಹಗ್ಗ ಎಳೆಯಲು, ಹಿಂದೆ ಒಂದು ಹಗ್ಗ ತಡೆಯಲು. ದೋಣಿ ಎಳೆಯುವುದಕ್ಕಿಂತ ತಡೆಯುವುದೇ ಕಷ್ಟ. ಇಳಿಜಾರಿನಲ್ಲಿ ತಾನಾಗಿ ಓಡಿತೆಂದರೆ ಮಗುಚುತ್ತದೆ. ಹಿಂದಿನ ಹಗ್ಗವನ್ನು ತೆಂಗಿನಮರಕ್ಕೆ ಮೂರು ಸುತ್ತು ಸುತ್ತಿ ಅದರ ತುದಿಯಲ್ಲಿ ಅನುಭವಸ್ಥರನ್ನೇ ನಿಲ್ಲಿಸಿದರು. ನನಗೆ, ಡಾಕ್ಟ್ರಿಗೆ ಮುಂದಿನ ಹಗ್ಗ.

ಊರೆಗಳನ್ನು ಒಂದೊಂದಾಗಿ ಬಡಿದು ತೆಗೆದರು. ಕೊನೆಯ ಊರೆ ಬಿದ್ದಾಗ ದೋಣಿ ಒಂದು ಸಲ ನರಳಿದಂತೆ ಸದ್ದು ಮಾಡಿ ದಿಮ್ಮಿಯ ಮೇಲೆ ಕೂತಿತು. "ಐಲೇಸಾ" ಎಂದು ಒಬ್ಬರು ಎತ್ತಿದರು, ಉಳಿದವರು ಹಿಡಿದರು. ಎಳೆದೆವು. ಏನೂ ಆಗಲಿಲ್ಲ. ಮತ್ತೆ ಎಳೆದೆವು. ನನ್ನ ಮುಂದಿದ್ದ ಹುಡುಗನ ಹಿಮ್ಮಡಿ ಮರಳಿನಲ್ಲಿ ಹೂತುಹೋಗುತ್ತಿತ್ತು. ಮೂರನೆಯದಕ್ಕೆ ಒಂದು ಗೇಣು, ಆಮೇಲೆ ಒಂದು ಮೊಳ, ಆಮೇಲೆ ತಡೆಹಗ್ಗದ ಕಡೆಯಿಂದ "ನಿಧಾನ, ನಿಧಾನ" ಎಂದು ಕೂಗು. ಹಿಂದೆ ಉಳಿದ ದಿಮ್ಮಿಯನ್ನು ಹೊತ್ತು ಮುಂದೆ ತಂದು ಹಾಸುವ ಹುಡುಗರು ಎರಡೂ ಬದಿ ಓಡುತ್ತಿದ್ದರು. ಮರಕ್ಕೆ ಸುತ್ತಿದ ಹಗ್ಗದಿಂದ ಹೊಗೆ ಬಂತು, ಯಾರೋ ಕೊಡದಿಂದ ನೀರು ಸುರಿದರು.

ಮುಂಭಾಗ ನೀರು ಮುಟ್ಟಿದ್ದು ನಾನು ನೋಡಲಿಲ್ಲ, ತಲೆ ತಗ್ಗಿಸಿ ಎಳೆಯುತ್ತಿದ್ದೆ. ಗೊತ್ತಾದದ್ದು ಕೈಗೆ. ಅಷ್ಟು ಹೊತ್ತು ಜಗ್ಗದ ಭಾರ ಒಮ್ಮೆಲೇ ಹಗ್ಗದಿಂದ ಹೋಯಿತು. ನಾಲ್ಕೈದು ಜನ ಮುಗ್ಗರಿಸಿ ನೀರಿಗೆ ಬಿದ್ದೆವು, ಎದ್ದು ನೋಡುವಾಗ ಸುರಗಿ ತೇಲುತ್ತಿತ್ತು. ನೆಲದ ಮೇಲೆ ಗಿಡ್ಡ, ದಪ್ಪ ಎಂದು ಕಾಣುತ್ತಿದ್ದದ್ದು ನೀರಿನಲ್ಲಿ ಎಷ್ಟು ನೀಳ! ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಚೀಫ್ ಬಾಯಿಬಿಟ್ಟು ಅತ್ತರು.

ಆಚಾರ್ರು ನೀರಿಗೆ ಇಳಿದು ಸೊಂಟದ ಮಟ್ಟ ನಿಂತು ದೋಣಿಯ ಮಗ್ಗುಲಿಗೆ ಅಂಗೈ ಇಟ್ಟರು. "ಬಲಕ್ಕೆ ಎರಡಂಗುಲ ವಾಲ್ತದೆ. ಕಲ್ಲು ಹಾಕುವಾಗ ಸರಿಮಾಡುವ" ಎಂದರು. ಅವರು ಇವತ್ತು ಆಡಿದ ಉದ್ದದ ಮಾತು ಅದೇ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಕಾಕನ ಮನೆಯಿಂದ ಎರಡು ಚೆಂಬು ಬಿರಿಯಾನಿ. ಮರಳಿನ ಮೇಲೆ ಬಾಳೆಲೆ ಹಾಸಿ ಸಾಲಾಗಿ ಕೂತು ಉಂಡೆವು.

ಡಿಸೆಂಬರ್ 17, ಮಂಗಳವಾರ

ನೀರು ಬರುತ್ತಿದೆ. ಬರಲೇಬೇಕು, ಒಣಗಿದ ಮರ ನೀರು ಕುಡಿದು ಊದಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವ ತನಕ ಹೀಗೇ. ಸರದಿಯಲ್ಲಿ ರಾತ್ರಿ ಕಾವಲು. ನಿನ್ನೆ ರಾತ್ರಿ ನನ್ನದು ಮತ್ತು ಮೇಷ್ಟ್ರದು. ಗಂಟೆಗೊಮ್ಮೆ ಪಂಪು ಹೊಡೆದು, ಎಷ್ಟು ಬಕೆಟು ಎಂದು ಅವರು ನೋಟುಪುಸ್ತಕದಲ್ಲಿ ಬರೆದರು. ಬೆಳಗಾಗುವ ಹೊತ್ತಿಗೆ ಮೊದಲಿನ ಅರ್ಧಕ್ಕೆ ಇಳಿದಿತ್ತು. ಸೀಮೆಸುಣ್ಣದ ಗುರುತು ಹಾಕಿದ ಜಾಗಗಳಲ್ಲಿ ಒಂದೇ ಒಂದು ಇನ್ನೂ ಜಿನುಗುತ್ತಿದೆ, ಎಡಮಗ್ಗುಲಿನ ಹಿಂಬದಿಯಲ್ಲಿ.

ಡಿಸೆಂಬರ್ 23, ಸೋಮವಾರ

ನೌಕಾಪಡೆಯ ಹಾಯಿದೋಣಿ ತಾರಿಣಿ ನಿನ್ನೆ ನ್ಯೂಜಿಲೆಂಡಿನ ಲಿಟೆಲ್ಟನ್ ಮುಟ್ಟಿತಂತೆ. ದಿಲ್ನಾ ಮತ್ತು ರೂಪಾ, ಇಬ್ಬರೇ, ಅಕ್ಟೋಬರ್ 2ಕ್ಕೆ ಗೋವಾ ಬಿಟ್ಟವರು. ಐವತ್ತಾರು ಅಡಿಯ ದೋಣಿ, ಗೋವಾದಲ್ಲೇ ಕಟ್ಟಿದ್ದು. ಸುದ್ದಿ ಓದಿ ಎದೆ ತುಂಬಿತು. ಅವರ ದಾರಿಯ ಮುಂದೆ ನಮ್ಮ ಏಳುನೂರು ಚಿಲ್ಲರೆ ನಾಟಿಕಲ್ ಮೈಲಿ ಏನೂ ಅಲ್ಲ. ಆದರೂ ನೀರು ಅದೇ.

ಇವತ್ತು ಮೊದಲ ಸಲ ಅಳಿವೆಯ ಹೊರಗೆ ಹಾಯಿ ಬಿಚ್ಚಿದೆವು. ಜೊತೆಗೆ ತಂಡೇಲ ಕಾಕ. ತ್ರಿಕೋನದ ಹಾಯಿಯನ್ನು ಹೊತ್ತ ಅಡ್ಡಮರ ಕೂವೆಗಿಂತಲೂ ಉದ್ದ. ಹಾಯಿದೋಣಿ ಕ್ಲಬ್ಬಿನ ಸಣ್ಣ ದೋಣಿಗಳಲ್ಲಿ ನಾವು ಕಲಿತದ್ದು ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ಆ ದೋಣಿಗಳು ಮೂತಿಯನ್ನು ಗಾಳಿಯ ಎದುರಿಗೆ ತಿರುಗಿಸಿ ಮಗ್ಗುಲು ಬದಲಿಸುತ್ತವೆ. ಇದಕ್ಕೆ ಬೆನ್ನನ್ನು ಗಾಳಿಗೆ ಕೊಟ್ಟು ಸುತ್ತಿ ಬರಬೇಕು. ಸುತ್ತುತ್ತಿರುವಾಗಲೇ ಹಾಯಿಯ ಹಗ್ಗ ಸಡಿಲಬಿಟ್ಟು, ಅಡ್ಡಮರವನ್ನು ಕೂವೆಗೆ ಸಮಾನಾಂತರವಾಗಿ ನೆಟ್ಟಗೆ ನಿಲ್ಲಿಸಿ, ಹಾಯಿಯನ್ನು ಕೂವೆಯ ಮುಂದಿನಿಂದ ಆಚೆಗೆ ದಾಟಿಸಿ, ಮತ್ತೆ ಬಿಗಿಯಬೇಕು. ನಾಲ್ಕು ಜನ ನಾಲ್ಕು ಕಡೆ, ಒಬ್ಬರ ಕೂಗಿಗೆ. ಒಬ್ಬರು ಒಂದು ಗಳಿಗೆ ಮುಂಚೆ ಬಿಟ್ಟರೆ ಹಾಯಿ ಕೂವೆಗೆ ಸುತ್ತಿಕೊಳ್ಳುತ್ತದೆ.

ಕಾಕನ ದನಿಗೆ ಎಂಬತ್ತೆರಡು ವರ್ಷ ಎಂದು ಯಾರೂ ಹೇಳಲಾರರು. ದಡದಲ್ಲಿ ಮೊಮ್ಮಗನ ಕೈ ಹಿಡಿಯುವವರು, ಚುಕ್ಕಾಣಿ ಸಿಕ್ಕಿದ ಮೇಲೆ ಯಾರ ಕೈಯನ್ನೂ ಹಿಡಿಯಲಿಲ್ಲ. ಬರಿಗಾಲನ್ನು ಹಲಗೆಗೆ ಒತ್ತಿ ನಿಂತಿದ್ದರು. "ಹಾಯಿ ನೋಡ್ಬೇಡಿ ಟೀಚರೇ, ಕುತ್ತಿಗೆ ನೋಯ್ತದೆ. ಗಾಳಿ ಕೆನ್ನೆಗೆ ಎಲ್ಲಿ ತಾಗ್ತದೆ ಅಂತ ತಿಳ್ಕೊಳ್ಳಿ. ಅದು ಜಾಗ ಬದಲಿಸಿದ್ರೆ ನೀವೂ ಬದಲಿಸಿ." ಆಮೇಲೆ ಚುಕ್ಕಾಣಿ ನನ್ನ ಕೈಗೆ ಕೊಟ್ಟರು. ಪಣಂಬೂರಿನ ಹೊಸ ಬಂದರಿನ ಹಡಗುಗಳ ಸಾಲು ಬಲಕ್ಕೆ ಸರಿಯುತ್ತಾ ಹೋಯಿತು. ಎಂಜಿನ್ನಿನ ಸದ್ದಿಲ್ಲದೆ ಇಷ್ಟು ಭಾರದ ವಸ್ತುವೊಂದು ಮುಂದೆ ಹೋಗುತ್ತದೆ ಎನ್ನುವುದನ್ನು ಮೈ ನಂಬಲು ಸ್ವಲ್ಪ ಹೊತ್ತು ಬೇಕು.

2025 ಜನವರಿ 3, ಶುಕ್ರವಾರ

ಸಂಜೆ ಕಾಕನ ಮನೆಯಲ್ಲಿ. ಮೇಷ್ಟ್ರು ತಾವು ಮಾಡಿದ ಕಮಾಲ್ ತೋರಿಸಲು ತಂದಿದ್ದರು: ಅಂಗೈಯಗಲದ ಪ್ಲೈವುಡ್ ತುಂಡು, ನಡುವೆ ತೂತು, ಅದರಿಂದ ಗಂಟು ಹಾಕಿದ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಂತೆ ಹಲಗೆಯನ್ನು ಮುಂದೆ ಹಿಡಿದು, ಕೆಳ ಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವ ನಕ್ಷತ್ರಕ್ಕೂ ಕೂಡಿಸುವುದು. ಮಂಗಳೂರಿನಲ್ಲಿ ಧ್ರುವ ಸುಮಾರು ಹದಿಮೂರು ಡಿಗ್ರಿ ಎತ್ತರ, ನಾವು ಮೊದಲು ಮುಟ್ಟಬೇಕಾದ ಕಡಮತ್ತಿನಲ್ಲಿ ಹನ್ನೊಂದು ಚಿಲ್ಲರೆ. ಎರಡಕ್ಕೂ ವ್ಯತ್ಯಾಸ, ಕೈ ಚಾಚಿ ಹಿಡಿದ ಒಂದು ಬೆರಳಿನಗಲ. ಅಷ್ಟು ತೆಳು ಅಂತರವನ್ನು ಹಿಡಿದು, ನಕ್ಷತ್ರ ಆ ಎತ್ತರಕ್ಕೆ ಇಳಿಯುವ ತನಕ ತೆಂಕಕ್ಕೆ ಹೋಗಿ, ಅಲ್ಲಿಂದ ನೇರ ಪಡುವಣಕ್ಕೆ ತಿರುಗಿ, ಕಡಲಿಂದ ಒಂದೆರಡು ಆಳೆತ್ತರವೂ ಏಳದ ದ್ವೀಪವನ್ನು ಹುಡುಕುತ್ತಿದ್ದರು ಮಾಲುಮಿಗಳು. ಹತ್ತು ಮೈಲಿ ಹತ್ತಿರ ಹೋಗುವ ತನಕ ತೆಂಗಿನ ತಲೆಯೂ ಕಾಣುವುದಿಲ್ಲ.

ಧ್ರುವವೂ ನಿಂತಲ್ಲೇ ನಿಲ್ಲುವುದಿಲ್ಲ, ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ತ್ರಿಜ್ಯದ ಸುತ್ತು ಹಾಕುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಮೇಷ್ಟ್ರು ವಿವರಿಸಿದರು. ಕಾಕ ಗಮನವಿಟ್ಟು ಕೇಳಿದರು. ನಾವು ಜಿಪಿಎಸ್ ಒಯ್ಯುತ್ತೇವೆ, ಒಂದಲ್ಲ ಎರಡು. ಆದರೆ ಕಮಾಲಿನಿಂದ ಅಳೆದು, ಆಮೇಲಷ್ಟೇ ಪೆಟ್ಟಿಗೆ ನೋಡುವುದೆಂದು ಮೇಷ್ಟ್ರ ಸಂಕಲ್ಪ.

ಕಾಕ ಹದಿನಾಲ್ಕರ ಪ್ರಾಯದಲ್ಲಿ ಮಂಜಿಗೆ ಬಂಡಾರಿಯಾಗಿ, ಅಡುಗೆಯವನಾಗಿ, ಸೇರಿದವರು. ಆಗ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ. 1787ರಲ್ಲಿ ಟಿಪ್ಪುವಿನ ಕೈಗೆ ಬಂದವು, 1799ರ ನಂತರ ಕಂಪನಿಯವು. 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಹೋಗುವ ತನಕ ಅಲ್ಲಿಯ ಕಾಗದಪತ್ರ ಬರುತ್ತಿದ್ದದ್ದು ಮಂಗಳೂರಿಗೆ. ದ್ವೀಪದ ನಾರು ಸರಕಾರಕ್ಕೆ, ಬದಲಿಗೆ ಅಕ್ಕಿ. ನವೆಂಬರ್ 1 ಬಂದರೆ ನಾವು ಒಂದಾದದ್ದನ್ನು ಕೊಂಡಾಡುತ್ತೇವೆ, ಸರಿಯೇ. ಅದೇ ದಿನ ನಮ್ಮ ಜಿಲ್ಲೆಯಿಂದ ಐದು ದ್ವೀಪಗಳು ಕಳಚಿಕೊಂಡವು ಎಂಬುದನ್ನು ನನಗೆ ಯಾವ ಶಾಲೆಯಲ್ಲೂ ಹೇಳಿಕೊಡಲಿಲ್ಲ.

ಹೊರಡುವಾಗ ಕಾಕ ಬಾಗಿಲ ತನಕ ಬಂದು ಡಾಕ್ಟ್ರನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಡಾಕ್ಟ್ರು ದಾರಿಯಲ್ಲಿ ಏನೂ ಹೇಳಲಿಲ್ಲ.

ಜನವರಿ 9, ಗುರುವಾರ

ದ್ವೀಪದ ಪ್ರವೇಶ ಪರವಾನಗಿ ಬಂತು. ಬಂದರು ಇಲಾಖೆಯ ಕಾಗದವೂ ಆಯಿತು. ಕುಡಿಯುವ ನೀರು ಇನ್ನೂರು ಲೀಟರ್, ಕುಚ್ಚಲಕ್ಕಿ, ಹುರುಳಿ, ಬೆಲ್ಲ, ಒಣಮೀನು, ಉಪ್ಪಿನಲ್ಲಿಟ್ಟ ಮಾವಿನಮಿಡಿ. ಕಲ್ಲಿನ ಭಾರ ಸರಿಮಾಡಿದ ಮೇಲೆ ವಾಲುವುದು ನಿಂತಿದೆ. ಜಿನುಗುತ್ತಿದ್ದ ಆ ಒಂದು ಜಾಗವೂ ಮುಚ್ಚಿಕೊಂಡಿತು.

ಜನವರಿ 14, ಮಂಗಳವಾರ

ಮಕರ ಸಂಕ್ರಮಣ. ನಾಳೆ ಹೊರಡುವುದು.

ಬೆಳಿಗ್ಗೆ ಎಂಟರ ಸುಮಾರಿಗೆ, ನೀರು ಇನ್ನೂ ಏರುತ್ತಿರುವಾಗ ಅಳಿವೆ ದಾಟುತ್ತೇವೆ. ಏರುವ ನೀರಿನಲ್ಲಿ ಅಡಿ ಮರಳಿಗೆ ತಟ್ಟಿದರೂ ಮುಂದಿನ ಗಳಿಗೆಯಲ್ಲಿ ಅದೇ ನೀರು ಎತ್ತಿಬಿಡುತ್ತದೆ, ಇಳಿತದಲ್ಲಾದರೆ ಅಲ್ಲೇ ಕೂತು ಅಲೆಗೆ ಸಿಕ್ಕಿ ಒಡೆಯುತ್ತದೆ. ಆ ಹೊತ್ತಿಗೆ ಮೂಡಣದ ನೆಲಗಾಳಿಯೂ ಇನ್ನೂ ಬೀಸುತ್ತಿರುತ್ತದೆ. ಕಡಮತ್ತಿಗೆ ನೂರೈವತ್ತೈದು ನಾಟಿಕಲ್ ಮೈಲಿ. ಈಶಾನ್ಯದ ಗಾಳಿ ಬೆನ್ನಿಗಿದ್ದರೆ ಎರಡು ಹಗಲು ಎರಡು ರಾತ್ರಿ, ಮೂರನೇ ಬೆಳಿಗ್ಗೆ ಮುಟ್ಟಬೇಕು. ಲಗೂನಿನ ಬಾಯಿ ಹಗಲಲ್ಲೇ ಹಾಯಬೇಕು, ಹವಳದ ದಿಬ್ಬ ನೀರಿನ ಬಣ್ಣದಿಂದಷ್ಟೇ ಗೊತ್ತಾಗುವುದು. ನಿನ್ನೆ ಹುಣ್ಣಿಮೆಯಾದ್ದರಿಂದ ಎರಡೂ ರಾತ್ರಿ ಬೆಳದಿಂಗಳು. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಕಡಲು ಶಾಂತ. ಕಡಮತ್ತಿನಿಂದ ಮುಂದೆ ಕವರತ್ತಿ, ಮಿನಿಕಾಯ್. ಮಿನಿಕಾಯ್‌ನಿಂದ ಕೊಚ್ಚಿ, ಅಲ್ಲಿಂದ ಕರಾವಳಿ ಹಿಡಿದು ಮೇಲಕ್ಕೆ. ಅದು ಎದುರುಗಾಳಿಯ ದಾರಿ, ರಾತ್ರಿಯ ನೆಲಗಾಳಿಯಲ್ಲಿ ಸ್ವಲ್ಪ ಸ್ವಲ್ಪವೇ ಬರಬೇಕು. ಎಷ್ಟು ದಿನವೆಂದು ಮನೆಯವರು ಕೇಳಿದರೆ ಹೇಳಲು ನನ್ನಲ್ಲಿ ಲೆಕ್ಕವಿಲ್ಲ.

ಕಾಕ ಬರುತ್ತಾರೆ. ಡಾಕ್ಟ್ರು ಇಸಿಜಿ ಮಾಡಿಸಿ, ಮಗ ಸೊಸೆಯನ್ನು ಕೂರಿಸಿ ಮಾತಾಡಿ, ಕಡಮತ್ತಿನ ತನಕ ಮಾತ್ರ ಎಂದು ಒಪ್ಪಿಸಿದ್ದಾರೆ. ಅಲ್ಲಿಂದ ಕೊಚ್ಚಿಯ ಹಡಗಿಗೆ ಮೊಮ್ಮಗನ ಜೊತೆ ವಾಪಸು. ಚೀಫ್ ತಮ್ಮ ತಂಡೇಲನ ಜಾಗವನ್ನು ಕಾಕನಿಗೆ ಬಿಟ್ಟುಕೊಡಲು ಹೋದರೆ ಕಾಕ ಒಪ್ಪಲಿಲ್ಲ. "ತಂಡೇಲ ನೀವೇ. ರಾತ್ರಿ ನಿದ್ದೆ ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಒಲೆ ಮಾತ್ರ ನನ್ಗೆ ಬಿಡಿ" ಎಂದರು. ಹಾಗೆಂದ ಮೇಲೆ ನಾವು ಏರಿಸಿದ್ದ ಸಾಮಾನನ್ನೆಲ್ಲ ಇಳಿಸಿ, ಪಾತ್ರೆಗಳನ್ನು ತಮ್ಮ ಕೈಗೆ ಸಿಗುವಂತೆ ಬೇರೆ ಸಾಲಿನಲ್ಲಿ ಕಟ್ಟಿದರು. ಅಕ್ಕಿ ಡಬ್ಬ ಒಣಜಾಗಕ್ಕೆ ಬಂತು. ಗ್ಯಾಸ್ ಒಲೆಯ ಕೆಳಗೆ ಮರಳು ತುಂಬಿದ ತಗಡಿನ ತಟ್ಟೆ ಇಡಿಸಿದರು. ನಿಂಬೆಹಣ್ಣು ಕಡಿಮೆಯಾಯಿತು, ಇನ್ನೂ ಮೂರು ಡಜನ್ ಬೇಕಂತೆ, ಹಸಿಶುಂಠಿ ಅರ್ಧ ಕಿಲೋ. ಬಂದರಿನ ಅಂಗಡಿ ಆರಕ್ಕೇ ತೆರೆಯುತ್ತದೆ, ಫೆರಿಗೆ ಮೊದಲು ಅಲ್ಲಿಗೆ ಹೋಗಬೇಕು.